ಅನ್ನ ಬಿಟ್ಟವರ ಸಕ್ಕರೆ ಯಾಕೆ ಇಳಿಯೋದಿಲ್ಲ

‘ಅನ್ನ ಬಿಟ್ಟು ಆರು ತಿಂಗ್ಳಾತ್ರೀ ಮೇಡಂ, ಆದ್ರೂ ಶುಗರ್ ಇಳೀವಲ್ದು.’ ದಾವಣಗೆರೆ, ಚಿತ್ರದುರ್ಗದ ಕಡೆ ಸಕ್ಕರೆ ಕಾಯಿಲೆಯವರಿಗೆ ಊಟ ಹೇಳಿಕೊಡುವ ಯಾರನ್ನಾದರೂ ಕೇಳಿ, ದಿನಕ್ಕೆ ನಾಲ್ಕು ಸಲ ಈ ಮಾತು ಕೇಳಿರುತ್ತಾರೆ. ಹೇಳುವವರು ಸುಳ್ಳು ಹೇಳುತ್ತಿಲ್ಲ, ಅನ್ನ ಬಿಟ್ಟಿದ್ದು ನಿಜ. ಅದರ ಬದಲು ಏನು ತಿಂತೀರಿ ಅಂದಾಗ ಕಥೆ ಹೊರಗೆ ಬರುತ್ತದೆ. ಬೆಳಿಗ್ಗೆ ಒಂದು ಲೋಟ ರಾಗಿ ಗಂಜಿ, ಮಧ್ಯಾಹ್ನ ಎರಡು ಮುದ್ದೆ, ಸಂಜೆ ‘ಬರೇ ಮಂಡಕ್ಕಿ’, ರಾತ್ರಿ ಮೂರು ಜೋಳದ ರೊಟ್ಟಿ.

ಇದನ್ನು ತಕ್ಕಡಿಗೆ ಹಾಕೋಣ. ಗಂಜಿಗೆ 40 ಗ್ರಾಂ ಹಿಟ್ಟು, ಎರಡು ದೊಡ್ಡ ಮುದ್ದೆಗೆ 200 ಗ್ರಾಂ, ಮಂಡಕ್ಕಿ 60 ಗ್ರಾಂ, ಮೂರು ರೊಟ್ಟಿಗೆ 150 ಗ್ರಾಂ. ಒಟ್ಟು 450 ಗ್ರಾಂ ಧಾನ್ಯ, ಅದರಲ್ಲಿ 300 ಗ್ರಾಂಗೆ ಮೇಲ್ಪಟ್ಟು ಪಿಷ್ಟ. ಇದೇ ಮನುಷ್ಯ ಮೊದಲು ದಿನಕ್ಕೆ 300 ಗ್ರಾಂ ಅಕ್ಕಿಯ ಅನ್ನ ಉಣ್ಣುತ್ತಿದ್ದರೆ ಒಳಗೆ ಹೋಗುತ್ತಿದ್ದ ಪಿಷ್ಟ ಸುಮಾರು 235 ಗ್ರಾಂ. ಅಂದರೆ ಪಥ್ಯ ಶುರು ಮಾಡಿದ ಮೇಲೆ ಪಿಷ್ಟ ಜಾಸ್ತಿಯಾಯಿತು!

ರಾಗಿಯನ್ನು ಹಳಿಯುವ ಉದ್ದೇಶ ನನಗಿಲ್ಲ. 100 ಗ್ರಾಂ ರಾಗಿಯಲ್ಲಿ 360 ಮಿಲಿಗ್ರಾಂನಷ್ಟು ಸುಣ್ಣದಂಶ ಇದೆ, 11 ಗ್ರಾಂ ಆಸುಪಾಸು ನಾರು ಇದೆ. ಪಾಲಿಶ್ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ. ಆದರೆ ಪಿಷ್ಟದ ಲೆಕ್ಕ ತೆಗೆದರೆ ಅಕ್ಕಿಗೆ 78, ರಾಗಿಗೆ ಮತ್ತು ಜೋಳಕ್ಕೆ 67ರ ಆಸುಪಾಸು. ನವಣೆ, ಸಾಮೆಯೂ 60ಕ್ಕಿಂತ ಕೆಳಗೆ ಹೋಗುವುದಿಲ್ಲ. 78ಕ್ಕೂ 67ಕ್ಕೂ ಇರುವ ಅಂತರವನ್ನು ಇನ್ನರ್ಧ ಮುದ್ದೆ ನುಂಗಿಹಾಕುತ್ತದೆ. ಧಾನ್ಯದ ಹೆಸರು ಬದಲಾಯಿಸಿ ಅಳತೆ ಹಾಗೇ ಬಿಟ್ಟರೆ ಸಿಗುವ ಲಾಭ ಬಹಳ ಸಣ್ಣದು. ಅಳತೆ ಹೆಚ್ಚಿಸಿಕೊಂಡರೆ ಅದೂ ಇಲ್ಲ. ‘ಸಿರಿಧಾನ್ಯ ಅಲ್ವಾ, ಎಷ್ಟು ತಿಂದರೂ ನಡೀತದೆ’ ಅನ್ನುವ ನಂಬಿಕೆ 2023ರ ಸಿರಿಧಾನ್ಯ ವರ್ಷದ ಪ್ರಚಾರದ ನಂತರ ಇನ್ನೂ ಗಟ್ಟಿಯಾಗಿದೆ. ಹೊಸದುರ್ಗದ ಸಾಮೆ ಒಳ್ಳೆಯದೇ, ಆದರೆ ಸಾಮೆ ಅನ್ನವೂ ಅನ್ನವೇ.

ಇದು ನನ್ನೊಬ್ಬಳ ಹಟ ಅಂದುಕೊಳ್ಳಬೇಡಿ. 2025ರಲ್ಲಿ ಪ್ರಕಟವಾದ, ದೇಶದಾದ್ಯಂತ ಮಧುಮೇಹದ ಬಗ್ಗೆ ನಡೆದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ನಮ್ಮ ದೇಶದವರ ಊಟದ ಶಕ್ತಿಯಲ್ಲಿ ಸುಮಾರು ಶೇ 62 ಭಾಗ ಬರುವುದು ಪಿಷ್ಟ, ಸಕ್ಕರೆಯಿಂದಲೇ. ಅದರಲ್ಲೇ ಇನ್ನೊಂದು ಮಾತೂ ಇದೆ: ಪಾಲಿಶ್ ಧಾನ್ಯದ ಜಾಗಕ್ಕೆ ಗೋಧಿ ಹಿಟ್ಟು ಅಥವಾ ಸಿರಿಧಾನ್ಯದ ಹಿಟ್ಟು ತಂದ ಮಾತ್ರಕ್ಕೆ ಮಧುಮೇಹದ ಅಪಾಯ ಕಡಿಮೆಯಾದದ್ದು ಕಂಡಿಲ್ಲ. ಪಿಷ್ಟದ ಸ್ವಲ್ಪ ಭಾಗ ತೆಗೆದು ಆ ಜಾಗಕ್ಕೆ ಬೇಳೆಕಾಳು, ಹಾಲು-ಮೊಸರು, ಮೊಟ್ಟೆ, ಮೀನಿನ ಪ್ರೋಟೀನ್ ಬಂದಾಗ ಅಪಾಯ ಕಡಿಮೆ ಕಂಡಿದೆ.

ಇನ್ನು ಮಂಡಕ್ಕಿ. ಊರಿನ ಮರ್ಯಾದೆ ಪ್ರಶ್ನೆ, ಹುಷಾರಾಗಿ ಮಾತಾಡಬೇಕು. ‘ಬರೇ ಗಾಳಿ ರೀ, ಹೊಟ್ಟಿಗೆ ಏನ್ ಆಕ್ಕತಿ’ ಅನ್ನುತ್ತಾರೆ. ಗಾಳಿ ಇರುವುದು ನಿಜ, ಆದರೆ ಆ ಗಾಳಿಯ ಸುತ್ತ ಇರುವುದು ಅಕ್ಕಿ. ಭಟ್ಟಿಯಲ್ಲಿ ಕಾದ ಮರಳಿಗೆ ಬಿದ್ದ ಅಕ್ಕಿ ಅರಳುವಾಗ ಅದರ ಪಿಷ್ಟ ಬೆಂದು, ಹಿಗ್ಗಿ, ತೂತು ತೂತಾಗುತ್ತದೆ. ಜೀರ್ಣರಸಕ್ಕೆ ಒಳಗೆ ನುಗ್ಗಲು ದಾರಿ ಸಲೀಸು, ಹಾಗಾಗಿ ಸಕ್ಕರೆ ಅನ್ನಕ್ಕಿಂತ ಬೇಗ ರಕ್ತಕ್ಕೆ ಬರಬಹುದು. 60 ಗ್ರಾಂ ಮಂಡಕ್ಕಿ ತಟ್ಟೆ ತುಂಬಿ ಚೆಲ್ಲುವಷ್ಟು ಕಾಣುತ್ತದೆ, ಅದರಲ್ಲಿ 44 ಗ್ರಾಂ ಪಿಷ್ಟ. ಒಂದೂವರೆ ಸಣ್ಣ ಬಟ್ಟಲು, ಅಂದರೆ ಸುಮಾರು 150 ಗ್ರಾಂ ಅನ್ನಕ್ಕೆ ಸಮ. ಅದನ್ನು ಊಟದ ಲೆಕ್ಕಕ್ಕೆ ಯಾರೂ ಹಿಡಿಯುವುದಿಲ್ಲ, ಏಳು ಗಂಟೆಗೆ ಮಂಡಕ್ಕಿ, ಒಂಬತ್ತಕ್ಕೆ ಪೂರ್ತಿ ಊಟ. ಬೆಣ್ಣೆ ದೋಸೆಯದೂ ಇದೇ ಹಣೆಬರಹ. ಕೇಳುವವರೆಲ್ಲ ಬೆಣ್ಣೆಗೆ ಹೆದರುತ್ತಾರೆ. ದೋಸೆಯ ಅಕ್ಕಿ, ಅದರ ಜೊತೆ ರುಬ್ಬಿದ ಮಂಡಕ್ಕಿ, ಪಕ್ಕದ ಆಲೂಗಡ್ಡೆ ಪಲ್ಯ, ಮೂರೂ ಪಿಷ್ಟವೇ ಅನ್ನುವುದು ಯಾರಿಗೂ ನೆನಪಾಗುವುದಿಲ್ಲ.

ಮಂಡಕ್ಕಿ ಬಿಡಿ ಅಂದರೆ ಇಲ್ಲಿ ಯಾರೂ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. 25 ಗ್ರಾಂ ತೂಗಿ. ಅದಕ್ಕೆ ಒಂದು ಬಟ್ಟಲು ಮೊಳಕೆ ಹೆಸರುಕಾಳು ಅಥವಾ ಬೇಯಿಸಿದ ಕಡಲೆಕಾಳು, ಎರಡು ಚಮಚ ಪುಟಾಣಿ ಪುಡಿ, ಈರುಳ್ಳಿ, ಸೌತೆಕಾಯಿ, ಟೊಮೆಟೊ, ನಿಂಬೆಹಣ್ಣು. ಒಗ್ಗರಣೆಗೆ ಒಂದು ಟೀ ಚಮಚ ಎಣ್ಣೆ. ಮಂಡಕ್ಕಿಯಲ್ಲೇ ಉಪ್ಪಿರುತ್ತದೆ, ಮೇಲೆ ಹಾಕಬೇಡಿ. ಬಿಪಿ ಇದ್ದವರು ಇದನ್ನು ಇನ್ನೂ ಗಟ್ಟಿಯಾಗಿ ಹಿಡಿಯಬೇಕು, ಏಕೆಂದರೆ ದಿನಕ್ಕೆಲ್ಲ ಸೇರಿ ಉಪ್ಪು 5 ಗ್ರಾಂ, ಒಂದು ಟೀ ಚಮಚ ದಾಟಬಾರದು. ಮಂಡಕ್ಕಿ ಜೊತೆ ತಿನ್ನುವ ಮಿರ್ಚಿ ಬಜ್ಜಿಯ ಕಡಲೆ ಹಿಟ್ಟು ಅಷ್ಟು ಕೆಟ್ಟದ್ದಲ್ಲ, ಕೆಡಿಸುವುದು ಅದು ಕುಡಿದ ಎಣ್ಣೆ, ಅದಕ್ಕೆ ಬಿದ್ದ ಸೋಡಾ.

ಇನ್ನು ಊಟ. ಕೂತೇ ಕೆಲಸ ಮಾಡುವ ಬಹಳಷ್ಟು ಜನರಿಗೆ ಒಂದು ಹೊತ್ತಿಗೆ 60ರಿಂದ 70 ಗ್ರಾಂ ಹಿಟ್ಟು ಅಥವಾ ಅಕ್ಕಿ ಶುರುವಿಗೆ ಸರಿಯಾದ ಅಳತೆ. ಎಪಿಎಂಸಿಯಲ್ಲಿ ಮೂಟೆ ಹೊರುವವರಿಗೆ ಇದು ಸಾಲದು, ಅವರ ಲೆಕ್ಕ ಬೇರೆ. ಮುದ್ದೆ ಆದ ಮೇಲೆ ‘ಮಜ್ಜಿಗೆಗೆ ಒಂದು ತುತ್ತು’ ಅನ್ನ ಬೇಕು ಅನ್ನುವವರು ಅಷ್ಟು ಹಿಟ್ಟನ್ನು ಮೊದಲೇ ಕಡಿಮೆ ಮಾಡಿಕೊಳ್ಳಲಿ. ಹೊಟ್ಟೆ ತುಂಬಬೇಕಾದದ್ದು ಪಲ್ಯದಿಂದ. ಚಿತ್ರದುರ್ಗದ ಕಡೆಯ ಬಸ್ಸಾರನ್ನೇ ನೋಡಿ. ಕಾಳು, ಸೊಪ್ಪು ಬೇಯಿಸಿ ಬಸಿದ ಮೇಲೆ ಪ್ರೋಟೀನ್, ನಾರು ಬಹುಪಾಲು ಉಳಿಯುವುದು ಪಲ್ಯದಲ್ಲಿ. ನಮ್ಮವರು ಸಾರಿಗೆ ದೊಡ್ಡ ಮುದ್ದೆ ಅದ್ದಿ ನುಂಗಿ, ಪಲ್ಯವನ್ನು ಉಪ್ಪಿನಕಾಯಿಯಂತೆ ನೆಂಚಿಕೊಳ್ಳುತ್ತಾರೆ. ಅದು ತಿರುವುಮುರುವಾಗಬೇಕು: ತಟ್ಟೆಯ ಅರ್ಧ ಪಲ್ಯ, ಕೋಸಂಬರಿ, ಮೊದಲು ಅದನ್ನೇ ತಿನ್ನಿ, ಮುದ್ದೆ ಕೊನೆಗೆ. ತರಕಾರಿ, ಕಾಳು ಮೊದಲು ಹೋದರೆ ಊಟದ ನಂತರದ ಏರಿಕೆ ಕಡಿಮೆ ಇರುವುದು ಪ್ರಯೋಗಗಳಲ್ಲಿ ಕಂಡಿದೆ. ರಾಗಿ ಗಂಜಿಯನ್ನಂತೂ ಪಥ್ಯ ಅಂತ ಕುಡಿಯಬೇಡಿ. ನುಣ್ಣಗೆ ಬೀಸಿ, ನೀರಲ್ಲಿ ಕುದಿಸಿದ ಹಿಟ್ಟು ಮುದ್ದೆಗಿಂತ ಬೇಗ ಕರಗುತ್ತದೆ. ಬೆಲ್ಲ ಹಾಕಿದರೆ ಕೇಳುವುದೇ ಬೇಡ.

ನಂಬಿಕೆ ಬರದಿದ್ದರೆ ಗ್ಲುಕೋಮೀಟರ್ ಇದೆಯಲ್ಲ. ಒಂದು ದಿನ ನಿಮ್ಮ ಎಂದಿನ ಮುದ್ದೆ, ಇನ್ನೊಂದು ದಿನ 60 ಗ್ರಾಂ ಹಿಟ್ಟಿನ ಮುದ್ದೆ ಜೊತೆಗೆ ಪಲ್ಯ. ಉಣ್ಣುವ ಮೊದಲು ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಮ್ಮೆ ನೋಡಿ. ಕೈ ತೊಳೆದ ಮೇಲಿನಿಂದ ಎಣಿಸಬೇಡಿ. ಊಟದ ನಂತರದ ಅಂಕಿ 180ರ ಒಳಗಿರುವುದು ಹೆಚ್ಚಿನವರಿಗೆ ಗುರಿ, ವಯಸ್ಸಾದವರಿಗೆ ವೈದ್ಯರು ಸಡಿಲಿಸಬಹುದು. ಲ್ಯಾಬಿಗೆ ಹೋಗುವ ದಿನ ಮಾತ್ರ ಎರಡು ಇಡ್ಲಿ ತಿಂದು ಒಳ್ಳೆ ಅಂಕ ತೆಗೆಯುವವರು ತಮ್ಮನ್ನೇ ಮೋಸ ಮಾಡಿಕೊಳ್ಳುತ್ತಾರೆ. ಹೇಗೂ ಎಚ್‌ಬಿಎ1ಸಿ ಅನ್ನುವ ರಕ್ತಪರೀಕ್ಷೆ ಹಿಂದಿನ ಎರಡು-ಮೂರು ತಿಂಗಳ ಬಣ್ಣ ಬಯಲು ಮಾಡುತ್ತದೆ.

ಎಚ್ಚರದ ಮಾತು, ಇದನ್ನು ಹಾರಿಸಿ ಓದಬೇಡಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ, ದೇಹದಲ್ಲಿ ಇನ್ಸುಲಿನ್ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಪಿಷ್ಟವನ್ನು ಏಕಾಏಕಿ ಅರ್ಧ ಮಾಡಿದರೆ ಸಕ್ಕರೆ 70ರ ಕೆಳಗೆ ಬೀಳಬಹುದು. ಸೋಮವಾರದ ಒಪ್ಪತ್ತು, ಏಕಾದಶಿ, ರಂಜಾನ್ ಉಪವಾಸ, ಎಲ್ಲದಕ್ಕೂ ಇದೇ ಮಾತು. ಔಷಧದ ಪ್ರಮಾಣ ಮೊದಲು ವೈದ್ಯರ ಹತ್ತಿರ ಸರಿಮಾಡಿಸಿಕೊಳ್ಳಿ. ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿದು 15 ನಿಮಿಷಕ್ಕೆ ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಅಷ್ಟೇ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ರಕ್ತದಲ್ಲಿ ಕ್ರಿಯಾಟಿನಿನ್ ಹೆಚ್ಚಿದೆ, ಅಂದರೆ ಕಿಡ್ನಿ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ಹೇಳಿಸಿಕೊಂಡವರು ಮೇಲೆ ಹೇಳಿದ ಕಾಳು, ಮೊಟ್ಟೆಯ ಮಾತನ್ನು ತಾವಾಗಿಯೇ ಪಾಲಿಸಬಾರದು. ಅಂಗಡಿಯಲ್ಲಿ ಸಿಗುವ ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ಅದೂ ಅವರಿಗೆ ಅಪಾಯ.

ತಪಾಸಣೆಗೆ ಬರುವ ಮೊದಲು ಮೂರು ದಿನ, ಅದರಲ್ಲಿ ಒಂದು ಭಾನುವಾರ, ತಿಂದದ್ದನ್ನೆಲ್ಲ ಬರೆದಿಡಿ. ಚಹಾದ ಸಕ್ಕರೆ, ಅಂಗಡಿಯಲ್ಲಿ ಕೂತು ತಿಂದ ಮಂಡಕ್ಕಿ, ಎಲ್ಲ. ಆಮೇಲೆ ಗಂಡಸರು ಒಬ್ಬರೇ ಬರಬೇಡಿ. ಮುದ್ದೆಗೆ ಎಷ್ಟು ಹಿಟ್ಟು ಬೀಳುತ್ತದೆ ಅಂತ ಕೇಳಿದರೆ ‘ನಮ್ಮನ್ಯಾಗ ಕೇಳ್ಬೇಕ್ರೀ’ ಅನ್ನುತ್ತೀರಿ. ಅಡುಗೆ ಮಾಡುವವರನ್ನೂ ಕರೆದುಕೊಂಡು ಬನ್ನಿ.