‘ಮಳೆ’ಯೊಳಗಿನ ‘ಮ್’

‘ಮಳೆ’ ಎಂಬ ಪದದ ಮೊದಲ ಸದ್ದನ್ನು ತೆಗೆದುಬಿಡಿ. ಏನು ಉಳಿಯಿತು? ಕನ್ನಡದಲ್ಲೇ ಓದು ಕಲಿತವರು ಸಾಮಾನ್ಯವಾಗಿ ಥಟ್ಟನೆ ‘ಳೆ’ ಎನ್ನುತ್ತಾರೆ. ‘ಅಳೆ’ ಎಂದೂ ಹೇಳಬಹುದು. ಎರಡೂ ಸರಿಯೇ. ಮೊದಲ ಉತ್ತರದಲ್ಲಿ ಇಡೀ ಅಕ್ಷರ ಹೋಯಿತು, ಎರಡನೆಯದರಲ್ಲಿ ‘ಮ್’ ಎಂಬ ಧ್ವನಿ ಮಾತ್ರ ಹೋಯಿತು. ಮಾತಿನೊಳಗಿನ ಇಂಥ ತುಣುಕುಗಳನ್ನು ಗುರುತಿಸಿ, ಬಿಡಿಸಿ, ಮತ್ತೆ ಕೂಡಿಸುವ ಸಾಮರ್ಥ್ಯವೇ ಧ್ವನಿಪ್ರಜ್ಞೆ. ಓದು ಕಲಿಯುವ ಮಗುವಿಗೆ ಕಣ್ಣಿನಷ್ಟೇ ಇದೂ ಬೇಕು.

ಸದ್ದುಗಳ ವ್ಯತ್ಯಾಸ ಕೇಳಿಸುವುದು ಬೇರೆ, ಸದ್ದನ್ನು ಬಿಡಿಸಲು ಬರುವುದು ಬೇರೆ. ಕೇಳುವ ಕೆಲಸದಲ್ಲಿ ಎಳೆಗೂಸುಗಳು ದೊಡ್ಡವರನ್ನೂ ಮೀರಿಸುತ್ತವೆ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಮಾತಿನ ಕೂಸುಗಳಿಗೆ ಹಿಂದಿಯ ‘ತ’ ಮತ್ತು ‘ಟ’ ಕೇಳಿಸಿದ್ದರು. ಆರರಿಂದ ಎಂಟು ತಿಂಗಳ ಕೂಸುಗಳು ವ್ಯತ್ಯಾಸ ಹಿಡಿದವು. ವರ್ಷ ತುಂಬುವ ಹೊತ್ತಿಗೆ ಬಹುತೇಕ ಕೂಸುಗಳಿಗೆ ಅದು ತಪ್ಪಿಹೋಗಿತ್ತು. ‘ಕತ್ತೆ’, ‘ಕಟ್ಟೆ’ ಎರಡನ್ನೂ ದಿನಾ ಕೇಳಿಕೊಂಡು ಬೆಳೆಯುವ ನಮ್ಮ ಮಕ್ಕಳಿಗೆ ಈ ಭೇದ ಉಳಿದುಕೊಳ್ಳುತ್ತದೆ.

ಬಿಡಿಸುವ ವಿದ್ಯೆ ಮಾತ್ರ ಹೀಗೆ ತಾನಾಗಿ ಬರುವುದಿಲ್ಲ. ಪೋರ್ಚುಗಲ್‌ನ ಹಳ್ಳಿಗಾಡಿನಲ್ಲಿ ಜೋಸೆ ಮೊರಾಯ್ಸ್ ಮತ್ತು ಸಂಗಡಿಗರು ನಡೆಸಿ 1979ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪದದ ಮೊದಲ ವ್ಯಂಜನವನ್ನು ತೆಗೆಯುವುದು, ಹೊಸದೊಂದನ್ನು ಸೇರಿಸುವುದು ಅನಕ್ಷರಸ್ಥ ವಯಸ್ಕರಿಗೆ ಬಹಳ ಕಷ್ಟವಾಯಿತು. ಅದೇ ಹಿನ್ನೆಲೆಯಿಂದ ಬಂದು, ದೊಡ್ಡವರಾದ ಮೇಲೆ ಓದು ಕಲಿತಿದ್ದವರು ಎಷ್ಟೋ ಚೆನ್ನಾಗಿ ಮಾಡಿದರು. 1986ರ ಇನ್ನೊಂದು ಅಧ್ಯಯನದಲ್ಲಿ, ಚೀನೀ ಚಿತ್ರಾಕ್ಷರಗಳನ್ನು ಮಾತ್ರ ಬಲ್ಲ ವಿದ್ಯಾವಂತರೂ ಇಲ್ಲಿ ಎಡವಿದರು. ಚೀನೀ ಮಾತನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ಪಿನ್‌ಯಿನ್ ಪದ್ಧತಿ ಕಲಿತಿದ್ದವರಿಗೆ ಕಷ್ಟವಾಗಲಿಲ್ಲ. ಅಂದರೆ, ಮಾತನ್ನು ಎಷ್ಟು ಸಣ್ಣದಾಗಿ ಒಡೆದು ನೋಡುತ್ತೇವೆ ಎಂಬುದು ನಾವು ಕಲಿತ ಲಿಪಿಯನ್ನೂ ಅವಲಂಬಿಸಿದೆ.

ಕನ್ನಡ ಲಿಪಿಯ ಸ್ವಭಾವ ಇಲ್ಲಿ ವಿಶೇಷ. ಅದರ ಘಟಕ ಅಕ್ಷರ. ಆದರೆ ಅಕ್ಷರದ ಒಳಗೇ ವ್ಯಂಜನ, ಸ್ವರಗಳ ಗುರುತು ಕಾಣುತ್ತದೆ: ‘ಕಿ’, ‘ಕು’, ‘ಕೆ’ಗಳಲ್ಲಿ ‘ಕ್’ ಉಳಿದು ಸ್ವರ ಬದಲಾಗುತ್ತದೆ. ಕನ್ನಡ ಕಲಿಯುವ ಮಕ್ಕಳ ಓದನ್ನು ಅಭ್ಯಾಸ ಮಾಡಿದ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದಕ್ಕೆ ಹೊಂದುತ್ತದೆ. ಮಕ್ಕಳಿಗೆ ಅಕ್ಷರದ ಮಟ್ಟದ ಅರಿವು ಬೇಗ ಬರುತ್ತದೆ, ಬಿಡಿ ಧ್ವನಿಯ ಅರಿವು ನಿಧಾನವಾಗಿ ಮೂಡುತ್ತದೆ. ಕಾಗುಣಿತ, ಒತ್ತಕ್ಷರಗಳೆಲ್ಲ ಕೈವಶವಾಗಲು ವರ್ಷಗಳೇ ಬೇಕು.

ಏಕೆಂದು ತಿಳಿಯಲು ‘ಶಕ್ತಿ’ ಎಂದು ಬರೆದು ನೋಡಿ. ಹೇಳುವಾಗ ಕ್, ತ್, ಇ ಎಂಬ ಕ್ರಮ. ಬರೆಯುವಾಗ ಗುಡಿಸು ಹತ್ತುವುದು ‘ಕ’ದ ತಲೆಗೆ, ‘ತ’ ಒತ್ತಾಗಿ ಕೆಳಗೆ ಇಳಿಯುತ್ತದೆ. ಕಣ್ಣಿಗೆ ಕಾಣುವುದು ‘ಕಿ’, ಅದರಡಿ ‘ತ’. ಅದನ್ನು ‘ಶಕಿತ’ ಎಂದು ಓದುವ ಮಗು ದಡ್ಡ ಮಗುವಲ್ಲ, ಬರೆದದ್ದನ್ನು ಬರೆದ ಕ್ರಮದಲ್ಲೇ ಓದಿದೆ. ‘ಸೂರ್ಯ’ದಲ್ಲಿ ಇನ್ನೊಂದು ಬಗೆಯ ತೊಡಕು: ಮೊದಲು ನುಡಿಯಬೇಕಾದ ‘ರ್’ ಅರ್ಕಾವತ್ತಾಗಿ ‘ಯ’ದ ಬಲಕ್ಕೆ ಕೂರುತ್ತದೆ. ಪದದ ಧ್ವನಿಕ್ರಮ ಕಿವಿಯಲ್ಲಿ ಗಟ್ಟಿಯಾಗಿದ್ದರೆ ಮಾತ್ರ ಕಣ್ಣು ಇಂಥ ಕಡೆ ದಾರಿ ತಪ್ಪುವುದಿಲ್ಲ.

ಈ ಸೂಕ್ಷ್ಮ ಕಿವಿ ನಮ್ಮ ಛಂದಸ್ಸಿನಲ್ಲಿ ಮೊದಲಿನಿಂದಲೂ ಇದೆ. ಷಟ್ಪದಿಯ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು, ಸ್ವರ ಬೇರೆಯಿದ್ದರೂ ನಡೆಯುತ್ತದೆ. ‘ಕಡಲು’, ‘ಗುಡಿ’, ‘ಬಿಡು’ ಪ್ರಾಸವಾಗುವುದು ‘ಡ್’ ಅನ್ನು ಅದರ ಸ್ವರದಿಂದ ಬೇರ್ಪಡಿಸಿ ಕೇಳುವವರಿಗೆ.

ಹೀಗಿದ್ದೂ ಎಷ್ಟೋ ತರಗತಿಗಳಲ್ಲಿ ಕಾಗುಣಿತ ಬರೀ ಬಾಯಿಪಾಠವಾಗಿಬಿಟ್ಟಿದೆ ಎಂಬುದು ನನ್ನ ದೊಡ್ಡ ಬೇಸರ. ‘ಕ ಕಾ ಕಿ ಕೀ’ ಎಂದು ರಾಗ ಎಳೆದರೆ ಸಾಲದು. ‘ಮ್’ಗೆ ‘ಈ’ ಸೇರಿದರೆ ಏನು? ‘ಬಿಡು’ವಿನ ‘ಇ’ ಎಳೆದರೆ ಯಾವ ಪದ? ‘ಹಳಿ’ಯ ‘ಳ್’ ಒತ್ತಿ ಹೇಳಿದರೆ? ಪುಸ್ತಕ ಮುಚ್ಚಿಟ್ಟು, ದಿನಕ್ಕೆ ಐದು ನಿಮಿಷ ಇಂಥ ಆಟ ಆಡಿಸಬಹುದು. ಇಂಗ್ಲಿಷ್ ಪಾಠದಲ್ಲಿ ಕ್, ಆ್ಯ, ಟ್ ಕೂಡಿಸಿ ‘ಕ್ಯಾಟ್’ ಓದಬೇಕಾದಾಗಲೂ ಇದೇ ಅಭ್ಯಾಸ ನೆರವಿಗೆ ಬರುತ್ತದೆ.

ಕಾಪಿಯಲ್ಲಿ ಕಾಣುವ ತಪ್ಪುಗಳನ್ನೂ ಕಿವಿಯಿಂದ ನೋಡಬೇಕು. ಮನೆಯಲ್ಲಿ ‘ಆಲು’ ಎಂದೇ ಕೇಳಿ ಬೆಳೆದ ಮಗು ‘ಹಾಲು’ ಬರೆಯುವಾಗ ‘ಹ’ ಬಿಡುತ್ತದೆ, ಆಡುಮಾತಿನಲ್ಲಿ ಮಹಾಪ್ರಾಣ ಕೇಳದ ಮಗು ‘ಬಾರತ’ ಎಂದು ಬರೆಯುತ್ತದೆ. ಇದು ಅಸಡ್ಡೆಯಲ್ಲ, ಮಗು ತನಗೆ ಕೇಳಿಸಿದ್ದನ್ನು ನಿಷ್ಠೆಯಿಂದ ಬರೆದಿದೆ. ಕೆಂಪು ಗೆರೆ ಎಳೆಯುವ ಮೊದಲು ಮಗುವಿನ ಅಂಗೈಯನ್ನು ಅದರ ಬಾಯಿಯ ಮುಂದೆ ಹಿಡಿಸಿ ‘ಕರ’, ‘ಖರ’ ಹೇಳಿಸಿ. ‘ಖ’ ಹೇಳುವಾಗ ಉಸಿರು ಜೋರಾಗಿ ಕೈಗೆ ತಾಕುತ್ತದೆ. ಕಿವಿಗೆ ಸಿಗದ ವ್ಯತ್ಯಾಸ ಹಾಗೆ ಚರ್ಮಕ್ಕಾದರೂ ಸಿಗುತ್ತದೆ, ಆಮೇಲೆ ‘ಬ’, ‘ಭ’ಗಳಿಗೆ ಬರಬಹುದು.