ಎಂಟು ಮೆಟ್ಟುಗತ್ತಿ, ಒಂದೇ ಜಗಲಿ

ಲಿನಕ್ಸ್ ವರ್ಚುವಲ್ ಮಷೀನಿನಲ್ಲಿ (ಕಂಪ್ಯೂಟರಿನೊಳಗೇ ಓಡುವ ಇನ್ನೊಂದು ಕಂಪ್ಯೂಟರು) ಬಿಲ್ಡ್, ಅಂದರೆ ಮೇಕ್ ಎಂಬ ಸಾಧನ ಕೋಡಿನಿಂದ ಪ್ರೋಗ್ರಾಮ್ ಕಟ್ಟುವ ಕೆಲಸ, ಅರ್ಧಕ್ಕೆ ಬಿದ್ದರೆ ‘ಮೇಕ್ ಕ್ಲೀನ್’ ಹೊಡೆದು ಕಟ್ಟಿದ್ದನ್ನೆಲ್ಲ ಅಳಿಸಿ ಮೊದಲಿಂದ ಶುರು ಮಾಡುವುದು ಪ್ರಾಯಶ್ಚಿತ್ತದ ವಿಧಿಯೇ ಆಗಿಬಿಟ್ಟಿದೆ. ಮುಗಿದಿದ್ದ ಕೆಲಸವೂ ಹೋಯಿತು, ಬಿದ್ದ ಕಾರಣ ಇದ್ದಲ್ಲೇ ಇದೆ! ಕೊನೆಯ ಸಾಲುಗಳಲ್ಲಿ ‘ಕಿಲ್ಡ್’ ಅಂತಲೋ 137 ಅಂತಲೋ ಇದ್ದರೆ ಕೋಡನ್ನು ಬೈಯಬೇಡಿ. 128ಕ್ಕೆ 9 ಕೂಡಿಸಿದ್ದು 137. ಒಂಬತ್ತನೆಯದು ಕೊಲ್ಲುವ ಸಿಗ್ನಲ್. ಲಿನಕ್ಸಿನ ತಿರುಳಾದ ಕರ್ನೆಲ್ಲಿನ ಸಂದೇಶ ತೋರಿಸುವ ‘ಡಿಮೆಸ್ಗ್’ ಓಡಿಸಿ ‘ಔಟ್ ಆಫ್ ಮೆಮೊರಿ’ ಹುಡುಕಿ. ಕರ್ನೆಲ್ ಯಾರನ್ನು ಕೊಂದಿದೆ ಎಂದು ಹೆಸರು ಸಮೇತ ಸಿಗುತ್ತದೆ. ಸಾಮಾನ್ಯವಾಗಿ ಸಿ++ ಕಂಪೈಲರ್ ಸಿಸಿ1ಪ್ಲಸ್, ಇಲ್ಲವೇ ತುಣುಕುಗಳನ್ನು ಜೋಡಿಸುವ ಲಿಂಕರ್ ಎಲ್‌ಡಿ.

ಶಿರಸಿ ಕಡೆಯ ಮನೆಯಲ್ಲಿ ಅಡಿಕೆ ಸುಲಿಯುವ ರಾತ್ರಿ ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಒಂದೊಂದು ಮೆಟ್ಟುಗತ್ತಿಗೂ ಮುಂದೆ ರಾಶಿ, ಪಕ್ಕದಲ್ಲಿ ಬುಟ್ಟಿ, ಹಿಂದೆ ಸಿಪ್ಪೆಯ ಗುಡ್ಡೆ. ಜಗಲಿ ಎಂದರೆ ರ್‍ಯಾಮ್. ನಿಮ್ಮ ವರ್ಚುವಲ್ ಮಷೀನಿಗೆ ಎಂಟು ಕೋರ್, 4 ಜಿಬಿ ರ್‍ಯಾಮ್ ಕೊಟ್ಟು ‘ಮೇಕ್ -ಜೆ8’, ಅಂದರೆ ಎಂಟು ಕೆಲಸ ಒಟ್ಟಿಗೆ ನಡೆಯಲಿ, ಎಂದಿರಿ. ಒಂದೊಂದು ಕೆಲಸವೂ ಒಂದು ಮೆಟ್ಟುಗತ್ತಿ. ಟೆಂಪ್ಲೇಟ್ ತುಂಬಿದ ಒಂದೊಂದು ಸಿ++ ಫೈಲೂ ಕಂಪೈಲ್ ಆಗುವಾಗ ಹಿಡಿಯುವ ಜಾಗ ಒಂದು ಜಿಬಿ ದಾಟಬಲ್ಲದು. ಜಗಲಿ ಸಾಲದೆ ಬುಟ್ಟಿಗಳು ಅಟ್ಟ ಹತ್ತುತ್ತವೆ. ಅಟ್ಟವೇ ಸ್ವಾಪ್, ಜಗಲಿ ಸಾಲದಾಗ ಬಳಸುವ ಡಿಸ್ಕಿನ ಜಾಗ. ಆಮೇಲೆ ಸುಲಿಯುವ ಕೆಲಸಕ್ಕಿಂತ ಏಣಿ ಹತ್ತಿಳಿಯುವುದೇ ಹೆಚ್ಚು. ‘ವಿಎಂಸ್ಟ್ಯಾಟ್ 1’ ತೋರಿಸುವ ‘ಎಸ್‌ಐ’ (ಸ್ವಾಪಿನಿಂದ ಇಳಿದದ್ದು), ‘ಎಸ್‌ಒ’ (ಸ್ವಾಪಿಗೆ ಏರಿದ್ದು) ಕಾಲಮ್ಮುಗಳು ಸೊನ್ನೆಗೆ ಇಳಿಯದೇ ಇದ್ದರೆ ಅದು ಆ ಏಣಿಯ ಸದ್ದು. ಅಟ್ಟವೂ ತುಂಬಿದಾಗ ಯಜಮಾನ, ಅಂದರೆ ಕರ್ನೆಲ್, ಅತಿ ಹೆಚ್ಚು ಜಾಗ ಹಿಡಿದವನನ್ನು ಎಬ್ಬಿಸಿ ಹೊರಗಟ್ಟುತ್ತಾನೆ. ಪಾಪ, ಎಲ್ಲರಿಗಿಂತ ಹೆಚ್ಚು ಸುಲಿದವನೂ ಅವನೇ ಇದ್ದಾನು.

ಹಾಗಾಗಿ ಕೋರ್ ಹೆಚ್ಚಿಸಿದರೆ ವೇಗ ಬರುತ್ತದೆ ಎಂಬ ನಂಬಿಕೆ ಇಲ್ಲಿ ತಿರುಗಿ ಹೊಡೆಯುತ್ತದೆ. ರ್‍ಯಾಮಿನ ಜಿಬಿಯನ್ನು ಎರಡರಿಂದ ಭಾಗಿಸಿ: 4 ಜಿಬಿಗೆ ‘-ಜೆ2’. ಮೇಕ್ ಬದಲು ನಿಂಜಾ ಎಂಬ ಬಿಲ್ಡ್ ಸಾಧನ ಬಳಸುವವರು ಇನ್ನೂ ಎಚ್ಚರವಾಗಿರಬೇಕು. ಏನೂ ಹೇಳದಿದ್ದರೆ ಎಂಟು ಕೋರಿಗೆ ಅದು ಹತ್ತು ಜನರನ್ನು ಕೂರಿಸುತ್ತದೆ. ಲಿಂಕ್ ಹಂತದಲ್ಲೇ ಬೀಳುತ್ತಿದ್ದರೆ ‘-ಜೆ1’ ಮಾಡಿ, 4 ಜಿಬಿಯ ಸ್ವಾಪ್ ಫೈಲೂ ಹಾಕಿ. ಫೈಲ್ ಮಾಡಿ, ಅನುಮತಿ 600 (ಒಡೆಯ ಮಾತ್ರ ಓದಿ ಬರೆಯುವಂತೆ) ಕೊಟ್ಟು, ‘ಎಂಕೆಸ್ವಾಪ್’, ‘ಸ್ವಾಪ್‌ಆನ್’. ನಿಧಾನವಾದರೂ ಮುಗಿಯುತ್ತದೆ.

ಸೋರ್ಸನ್ನು ಹೋಸ್ಟಿನ, ಅಂದರೆ ಅಸಲಿ ಕಂಪ್ಯೂಟರಿನ, ಶೇರ್ಡ್ ಫೋಲ್ಡರಿನಲ್ಲಿ ಇಟ್ಟು ಬಿಲ್ಡ್ ಮಾಡಬೇಡಿ. ಸಾವಿರಾರು ಚಿಕ್ಕ ಹೆಡರ್ ಫೈಲುಗಳಿಗೆ ಒಂದೊಂದಕ್ಕೂ ಗಡಿ ದಾಟಿ ಹೋಗಿ ಬರಬೇಕು. ಮಷೀನಿನ ಸ್ವಂತ ಡಿಸ್ಕಿಗೆ ನಕಲು ಮಾಡಿಕೊಳ್ಳಿ.

ಇನ್ನೊಂದು ತಕರಾರು ಗಡಿಯಾರದ್ದು. ಮಳೆಗಾಲದಲ್ಲಿ ಕಾರವಾರದಲ್ಲಿ ಕರೆಂಟು ಹೋಯಿತೆಂದು ಲ್ಯಾಪ್‌ಟಾಪ್ ಮುಚ್ಚಿಟ್ಟು ಮತ್ತೆ ತೆರೆದರೆ ವರ್ಚುವಲ್ ಮಷೀನಿನ ಹೊತ್ತು ಹಿಂದೆ ಉಳಿದಿರಬಹುದು. 1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ಮೇಕ್ ಬರೆದದ್ದಕ್ಕೆ ಕಾರಣವೇ ಇಂಥ ಗೊಂದಲ: ತಪ್ಪು ತಿದ್ದಿಯಾಗಿತ್ತು, ಫೈಲನ್ನು ಕಂಪೈಲ್ ಮಾಡಲು ಮರೆತಿತ್ತು, ಸರಿಯಿದ್ದ ಪ್ರೋಗ್ರಾಮಿನಲ್ಲಿ ದೋಷ ಹುಡುಕುತ್ತ ಸಹೋದ್ಯೋಗಿ ಸ್ಟೀವ್ ಜಾನ್ಸನ್ ಒಂದು ಬೆಳಿಗ್ಗೆ ಕಳೆದುಕೊಂಡಿದ್ದರು. ಮೇಕ್ ನೋಡುವುದು ಫೈಲಿನ ಸಮಯವನ್ನೇ ಹೊರತು ಒಳಗಿನ ಬರಹವನ್ನಲ್ಲ. ಸಮಯವೇ ಸುಳ್ಳಾದರೆ ತಿದ್ದಿದ ಫೈಲನ್ನೂ ಹಳೆಯದೆಂದು ಬಿಟ್ಟುಬಿಡುತ್ತದೆ. ‘ಕ್ಲಾಕ್ ಸ್ಕ್ಯೂ ಡಿಟೆಕ್ಟೆಡ್’ (ಗಡಿಯಾರ ಹೊಂದುತ್ತಿಲ್ಲ) ಎಂಬ ಎಚ್ಚರಿಕೆ ಕಂಡರೆ ‘ಕ್ರೋನಿಸಿ ಮೇಕ್‌ಸ್ಟೆಪ್’ ಕೊಟ್ಟು ಹೊತ್ತು ಸರಿಪಡಿಸಿ, ತಿದ್ದಿದ ಸೋರ್ಸ್ ಫೈಲುಗಳಿಗೆ ‘ಟಚ್’ ಮಾಡಿ (ಫೈಲಿನ ಸಮಯವನ್ನು ಈಗಿನದಕ್ಕೆ ತರುತ್ತದೆ), ಮೇಕ್ ಓಡಿಸಿ. ಅಷ್ಟೇ ಫೈಲುಗಳು ಮತ್ತೆ ಕಂಪೈಲ್ ಆಗುತ್ತವೆ.