ಸ್ಟೀರಿಂಗ್ ಮುಟ್ಟದೆ ತಿರುಗುವ ಚಕ್ರ

ಹಳೇ ಟ್ರಕ್ಕಿಗೆ ಪವರ್ ಸ್ಟೀರಿಂಗ್ ಹಾಕಿಸಿದರೆ ಅದು ನೆಟ್ಟಗೆ ಓಡುತ್ತದೆ ಅಂತ ನಂಬಿದವರು ಬಹಳ ಜನ. ಇದು ತಪ್ಪು. ಪವರ್ ಸ್ಟೀರಿಂಗ್ ನಿಮ್ಮ ತೋಳಿನ ಶ್ರಮ ಕಡಿಮೆ ಮಾಡುತ್ತದೆ, ಅಷ್ಟೇ. ಗಾಡಿ ಎಡಕ್ಕೆ ಬಲಕ್ಕೆ ಅಲೆಯುವ ಕಾರಣ ಚಕ್ರದ ಹತ್ತಿರ ಇರುತ್ತದೆ. ಪವರ್ ಸ್ಟೀರಿಂಗಿನ ಪಂಪು ಹಾಕಿದರೂ ಆ ಕಾರಣ ಅಲ್ಲೇ ಇರುತ್ತದೆ.

ನಾನಿರುವುದು ಅಮೆರಿಕದ ಮಿಷಿಗನ್‌ನಲ್ಲಿ. ಪಕ್ಕದ ಮನೆಯವರ ಹತ್ತಿರ 1951ರ ಶೆವ್ರೊಲೆ 3100 ಪಿಕಪ್ ಇದೆ. ಗುಂಡನೆಯ ಬಾನೆಟ್, ಅಗಲವಾದ ಮಡ್‌ಗಾರ್ಡು, ಸಾಲಾಗಿ ಆರು ಸಿಲಿಂಡರಿನ ಎಂಜಿನ್. ಅದರ ಮುಂದಿನ ಭಾಗವನ್ನು ಹೊಸದು ಮಾಡುವ ಕೆಲಸದಲ್ಲಿ ನಾನೂ ಕೈ ಜೋಡಿಸಿದೆ. ಅಲ್ಲಿ ಕಂಡ ಒಂದು ವಿಷಯ ತಲೆಯಿಂದ ಹೋಗುತ್ತಲೇ ಇಲ್ಲ. ಅದನ್ನು ಹೇಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಆ ಕಾಲದ ಟ್ರಕ್ಕುಗಳ ಮುಂದಿನ ಆಕ್ಸಲ್ ಒಂದೇ ಉಕ್ಕಿನ ತೊಲೆ. ಎರಡು ತುದಿಯಲ್ಲಿ ಕಿಂಗ್ ಪಿನ್, ಅಂದರೆ ಚಕ್ರ ಎಡಕ್ಕೆ ಬಲಕ್ಕೆ ತಿರುಗಲು ನಿಲ್ಲಿಸಿದ ದಪ್ಪ ಮೊಳೆ, ಅದರ ಮೇಲೆ ಚಕ್ರ. ತೊಲೆಯ ಮೇಲೆ ಕಮಾನು ಪಟ್ಟಿ. ನಮ್ಮ ಕಡೆ ಕಲ್ಲು, ಕಬ್ಬು ಹೊರುವ ಲಾರಿಗಳಲ್ಲಿ ಇವತ್ತಿಗೂ ಇರುವುದು ಇದೇ ಜೋಡಣೆ. ಭಾರ ಹೊರಲು ಇದಕ್ಕಿಂತ ಗಟ್ಟಿಯಾದದ್ದು ಸಿಗುವುದು ಕಷ್ಟ. ಆದರೆ ಎರಡು ಚಕ್ರಗಳೂ ಒಂದೇ ತೊಲೆಗೆ ಸೇರಿರುವುದರಿಂದ ಎಡಗಡೆ ಗುಂಡಿ ಬಂದರೆ ಬಲಗಡೆಯ ಚಕ್ರವೂ ವಾಲುತ್ತದೆ.

ವಾಲಿದರೆ ಏನಾಯಿತು? ಇಲ್ಲಿ ಬುಗುರಿಯ ನೆನಪು ಮಾಡಿಕೊಳ್ಳಿ. ಜೋರಾಗಿ ತಿರುಗುತ್ತಿರುವ ಬುಗುರಿಯನ್ನು ಬೆರಳಿನಿಂದ ತಳ್ಳಿದರೆ ಅದು ತಳ್ಳಿದ ಕಡೆಗೆ ಹೋಗುವುದಿಲ್ಲ, ಅದಕ್ಕೆ ಅಡ್ಡವಾಗಿ ವಾಲುತ್ತದೆ. ಬುಗುರಿ ಇಲ್ಲದಿದ್ದರೆ ಸೈಕಲ್ಲಿನ ಮುಂದಿನ ಚಕ್ರ ಬಿಚ್ಚಿ. ಅಚ್ಚನ್ನು ಎರಡೂ ಕೈಯಲ್ಲಿ ಹಿಡಿದು, ಯಾರಿಗಾದರೂ ಚಕ್ರ ತಿರುಗಿಸಲು ಹೇಳಿ, ಆಮೇಲೆ ಒಂದು ಕೈ ಮೇಲೆತ್ತಿ. ಚಕ್ರ ನಿಮ್ಮ ಕೈಯನ್ನು ಪಕ್ಕಕ್ಕೆ ತಿರುಚುತ್ತದೆ. ಟ್ರಕ್ಕಿನ ಚಕ್ರವೂ ಹೀಗೇ. ತೊಲೆ ವಾಲಿದಾಗಲೆಲ್ಲ ಅದು ಸ್ಟೀರಿಂಗನ್ನು ತಿರುಚಲು ನೋಡುತ್ತದೆ. ಕಿಂಗ್ ಪಿನ್ ಸವೆದು ಸಡಿಲ ಜಾಸ್ತಿಯಾಗಿದ್ದರಂತೂ ಈ ತಿರುಚಾಟ ಒಂದು ಚಕ್ರದಿಂದ ಇನ್ನೊಂದಕ್ಕೆ ದಾಟಿ, ಮರಳಿ ಬಂದು, ಇಡೀ ಗಾಡಿ ಗಡಗಡ ನಡುಗುತ್ತದೆ. ಇದೇ ಶಿಮ್ಮಿ. ಸ್ಟೀರಿಂಗ್ ಡ್ಯಾಂಪರ್, ಅಂದರೆ ಅಲುಗಾಟ ಹೀರುವ ಕೊಳವೆ, ಹಾಕಿ ನಡುಕ ನಿಲ್ಲಿಸಿದೆವು ಅನ್ನುವವರು ನೋವಿನ ಮಾತ್ರೆ ನುಂಗಿ ಗಾಯ ವಾಸಿಯಾಯಿತು ಅಂದುಕೊಂಡ ಹಾಗೆ. ಸವೆದ ಪಿನ್ನು ಸವೆಯುತ್ತಲೇ ಇರುತ್ತದೆ.

ಇದರ ಇತಿಹಾಸ ಬಹಳ ಚೆನ್ನಾಗಿದೆ. 1930ರಲ್ಲಿ ಬ್ರಿಟನ್ನಿನ ಎಂಜಿನಿಯರ್ ಮಾರಿಸ್ ಓಲಿ ರೋಲ್ಸ್ ರಾಯ್ಸ್ ಬಿಟ್ಟು ಅಮೆರಿಕದ ಕ್ಯಾಡಿಲಾಕ್ ಸೇರಿದರು. ಕಾರಿನ ಮುಂದೆ ಹಿಂದೆ ಭಾರ ಜೋಡಿಸಿ, ಜಾಗ ಬದಲಿಸುತ್ತಾ ಓಡಿಸಿ ನೋಡಿದರು. ಗಾಡಿ ತೂಗಾಡದೆ ಸಮವಾಗಿ ಓಡಬೇಕಾದರೆ ಮುಂದಿನ ಸ್ಪ್ರಿಂಗು ಹಿಂದಿನದಕ್ಕಿಂತ ಮೆತ್ತಗಿರಬೇಕು ಅಂತ ಗೊತ್ತಾಯಿತು. ಆವತ್ತಿನವರೆಗೆ ಎಲ್ಲರೂ ಮಾಡುತ್ತಿದ್ದದ್ದು ಇದಕ್ಕೆ ಉಲ್ಟಾ. ಆದರೆ ತೊಲೆ ಆಕ್ಸಲ್ಲಿಗೆ ಮೆತ್ತನೆಯ ಸ್ಪ್ರಿಂಗು ಹಾಕಿದರೆ ಶಿಮ್ಮಿ ಶುರು. ಹಾಗಾಗಿ ತೊಲೆಯನ್ನೇ ಬಿಡಬೇಕಾಯಿತು. 1934ರಲ್ಲಿ ಜನರಲ್ ಮೋಟಾರ್ಸ್ ಕಾರುಗಳಿಗೆ ಎರಡು ಚಕ್ರ ಬೇರೆ ಬೇರೆಯಾಗಿ ಏರಿಳಿಯುವ ಸಸ್ಪೆನ್ಷನ್ ಬಂತು. ಶೆವ್ರೊಲೆ ಪಿಕಪ್ಪುಗಳು ಮಾತ್ರ ಅದಕ್ಕಾಗಿ 1960ರವರೆಗೆ ಕಾದವು. 26 ವರ್ಷ! ನಮ್ಮ ಪಕ್ಕದ ಮನೆಯವರ ಟ್ರಕ್ಕು ಆ ನಡುವಿನ ಕಾಲದ್ದು.

ಇನ್ನು ಕ್ಯಾಸ್ಟರ್. ಸೈಕಲ್ಲಿನ ಮುಂದಿನ ಫೋರ್ಕು ಓರೆಯಾಗಿರುತ್ತದೆ, ಅಲ್ವಾ? ಹ್ಯಾಂಡಲ್ಲಿನ ಕೊಳವೆಯ ಗೆರೆಯನ್ನು ಹಾಗೇ ನೆಲದವರೆಗೆ ಎಳೆದರೆ, ಟೈರು ನೆಲ ಮುಟ್ಟುವ ಜಾಗಕ್ಕಿಂತ ಸ್ವಲ್ಪ ಮುಂದೆ ಬೀಳುತ್ತದೆ. ಟೈರು ಆ ಬಿಂದುವಿನ ಹಿಂದೆ ಎಳೆಸಿಕೊಂಡು ಬರುತ್ತದೆ, ಹಗ್ಗ ಹಿಡಿದು ನಡೆದರೆ ಹಿಂದೆ ಬರುವ ಕರುವಿನ ಹಾಗೆ. ಅದಕ್ಕೇ ಅದು ತಾನಾಗಿ ನೆಟ್ಟಗಾಗುತ್ತದೆ. ಟ್ರಕ್ಕಿನ ಕಿಂಗ್ ಪಿನ್ನಿಗೂ ಹೀಗೆ ಹಿಂದಕ್ಕೆ ಓರೆ ಕೊಡುತ್ತಾರೆ. ಆ ಓರೆಯೇ ಕ್ಯಾಸ್ಟರ್. ಓರೆ ಜಾಸ್ತಿಯಾದಷ್ಟೂ ಗಾಡಿ ನೆಟ್ಟಗೆ ಓಡುತ್ತದೆ, ಆದರೆ ಸ್ಟೀರಿಂಗ್ ಭಾರವಾಗುತ್ತದೆ. ಕೈಯಿಂದಲೇ ತಿರುಗಿಸುವ ಗಾಡಿಗಳಲ್ಲಿ ಓರೆಯನ್ನು ಕಡಿಮೆ ಇಡುತ್ತಿದ್ದದ್ದು ಅದಕ್ಕೇ. ಪವರ್ ಸ್ಟೀರಿಂಗಿನ ನಿಜವಾದ ಉಪಕಾರ ಇಲ್ಲಿದೆ. ಭಾರದ ಚಿಂತೆ ಬಿಟ್ಟು 4, 5 ಡಿಗ್ರಿ ಓರೆ ಕೊಡಬಹುದು. ಪಂಪು ಹಾಕಿ ಓರೆಯನ್ನು ಹಾಗೇ ಬಿಟ್ಟರೆ ದುಡ್ಡು ಕೊಟ್ಟು ಅರ್ಧ ಕೆಲಸ ಮಾಡಿಸಿದ ಹಾಗೆ.

ಚೆಂದಕ್ಕೆ ಅಂತ ಮೂತಿ ತಗ್ಗಿಸುವವರೂ ಇದನ್ನು ಗಮನಿಸಬೇಕು. 3100ರ ಮುಂದಿನ ಆಕ್ಸಲ್‌ನಿಂದ ಹಿಂದಿನ ಆಕ್ಸಲ್‌ಗೆ 116 ಇಂಚು. ಮುಂದುಗಡೆ ಮಾತ್ರ 2 ಇಂಚು ಇಳಿಸಿದರೆ ಇಡೀ ಚಾಸಿ ಮುಂದಕ್ಕೆ ಬಾಗಿ 1 ಡಿಗ್ರಿ ಕ್ಯಾಸ್ಟರ್ ಹೋಗಿಬಿಡುತ್ತದೆ. ಇರುವುದೇ ಒಂದೆರಡು ಡಿಗ್ರಿ!

ಪಕ್ಕದ ಮನೆಯವರು ತೊಲೆ ತೆಗೆಸಿ ಮಸ್ಟಾಂಗ್ 2 ಮಾದರಿಯ ಸಸ್ಪೆನ್ಷನ್ ಹಾಕಿಸಿದರು. ಫೋರ್ಡ್ 1974ರಿಂದ 78ರವರೆಗೆ ತಯಾರಿಸಿದ ಸಣ್ಣ ಕಾರು ಅದು. ಆ ಕಾರನ್ನು ಈಗ ಹೆಚ್ಚು ಜನ ನೆನೆಯುವುದಿಲ್ಲ, ಅದರ ಮುಂದಿನ ಸಸ್ಪೆನ್ಷನ್ ಮಾತ್ರ ಅಮೆರಿಕದ ಹಳೇ ಟ್ರಕ್ಕುಗಳಲ್ಲೆಲ್ಲ ಬದುಕಿದೆ. ಕಾರಣ ಸರಳ. ಚಾಸಿಗೆ ಕೂರುವ ಒಂದು ಅಡ್ಡ ಕಂಬಿ, ಅದರಲ್ಲೇ ಚಕ್ರ ಹಿಡಿಯಲು ಮೇಲೆ ಕೆಳಗೆ ತೋಳು, ನಡುವೆ ಸುರುಳಿ ಸ್ಪ್ರಿಂಗು, ಮುಂದೆ ರ‍್ಯಾಕ್ ಆಂಡ್ ಪಿನಿಯನ್ ಸ್ಟೀರಿಂಗ್, ಅಂದರೆ ಸ್ಟೀರಿಂಗ್ ತಿರುಗಿಸಿದಾಗ ಎಡಕ್ಕೆ ಬಲಕ್ಕೆ ಸರಿಯುವ ಹಲ್ಲಿನ ಸರಳು. ಒಟ್ಟಾರೆ ಚಿಕ್ಕದು, ಎಂಜಿನ್ನಿಗೆ ಅಡ್ಡ ಬರುವುದಿಲ್ಲ. ಅದೇ ಅಳತೆಯಲ್ಲಿ ಹೊಸದಾಗಿ ಮಾಡಿದ ಕಿಟ್ಟುಗಳು ಸಿಗುತ್ತವೆ. ಚಾಸಿಗೆ ವೆಲ್ಡ್ ಮಾಡಿದರೆ ಆಯಿತು.

ಆದರೆ ಎಲ್ಲಿ ವೆಲ್ಡ್ ಮಾಡುತ್ತೀರಿ ಅನ್ನುವುದರಲ್ಲೇ ಇದೆ ವಿಷಯ. ವೆಲ್ಡಿಂಗ್ ಮಾಡಿದ್ದು ಒಂದು ವರ್ಕ್‌ಶಾಪು. ಟ್ರಕ್ಕು ಮನೆಗೆ ಬಂತು, ಹೊಸ ಬಾಲ್ ಜಾಯಿಂಟು, ಹೊಸ ಡಿಸ್ಕ್ ಬ್ರೇಕು. ಅಲೈನ್‌ಮೆಂಟ್ ಕಾಗದದಲ್ಲಿ (ಚಕ್ರಗಳ ಓರೆ, ನೇರ ಅಳೆದು ಕೊಡುವುದು) ಎಲ್ಲ ಅಂಕಿಗಳೂ ಸರಿಯಾಗಿದ್ದವು. ರಸ್ತೆಗೆ ಇಳಿಸಿದರೆ ಪ್ರತಿ ಉಬ್ಬಿಗೂ ಗಾಡಿ ಪಕ್ಕಕ್ಕೆ ಜಿಗಿಯುತ್ತಿತ್ತು. ಸ್ಟೀರಿಂಗನ್ನು ಅಲ್ಲಾಡದಂತೆ ಹಿಡಿದಿದ್ದರೂ ಅಷ್ಟೇ.

ಇದಕ್ಕೆ ಬಂಪ್ ಸ್ಟೀರ್ ಅನ್ನುತ್ತಾರೆ. ಚಕ್ರ ಏರುವಾಗ ನೆಟ್ಟಗೆ ಏರುವುದಿಲ್ಲ. ಅದು ತೋಳಿನ ತುದಿಯಲ್ಲಿದೆ, ಹಾಗಾಗಿ ಕೈವಾರದ ಪೆನ್ಸಿಲಿನ ಹಾಗೆ ಬಾಗಿದ ಗೆರೆ ಎಳೆಯುತ್ತದೆ. ಚಕ್ರವನ್ನು ತಿರುಗಿಸುವ ಟೈ ರಾಡ್ ಇನ್ನೊಂದು ಕೈವಾರ. ಎರಡೂ ಒಂದೇ ಬಾಗು ಎಳೆದರೆ ಗಲಾಟೆ ಇಲ್ಲ. ಇಲ್ಲದಿದ್ದರೆ? ಒಂದೇ ಕೊಂಬೆಗೆ ಎರಡು ಉಯ್ಯಾಲೆ ಕಟ್ಟಿ. ಒಂದರ ಹಗ್ಗ ಉದ್ದ, ಇನ್ನೊಂದರದ್ದು ಗಿಡ್ಡ. ಇಬ್ಬರು ಮಕ್ಕಳು ಕೈ ಕೈ ಹಿಡಿದು ತೂಗಿಕೊಳ್ಳಲಿ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಬ್ಬರು ಇನ್ನೊಬ್ಬರ ಕೈ ಜಗ್ಗುತ್ತಾರೆ. ಆ ಜಗ್ಗಾಟವೇ ಚಕ್ರದ ಸ್ಟೀರಿಂಗ್ ಆರ್ಮ್, ಅಂದರೆ ಟೈ ರಾಡ್ ಬಂದು ಸೇರುವ ಗಿಡ್ಡ ಸರಳಿನ ಮೇಲೆ ಬೀಳುತ್ತದೆ. ಡ್ರೈವರ್ ಏನೂ ಮಾಡದೆ ಚಕ್ರ ತಿರುಗುತ್ತದೆ.

ಹಾಗಾಗಿ ಟೈ ರಾಡಿನ ಉದ್ದವೂ ಎತ್ತರವೂ ತೋಳುಗಳಿಗೆ ಹೊಂದಬೇಕು. ಮೇಲಿನ ತೋಳು, ಕೆಳಗಿನ ತೋಳು ಎರಡರ ಗೆರೆಯನ್ನೂ ಟ್ರಕ್ಕಿನ ಒಳಮುಖವಾಗಿ ಎಳೆಯುತ್ತಾ ಹೋಗಿ. ಎಲ್ಲೋ ಒಂದು ಕಡೆ ಸೇರುತ್ತವೆ. ಟೈ ರಾಡಿನ ಗೆರೆಯೂ ಅದೇ ಜಾಗಕ್ಕೆ ಹೋಗಬೇಕು. ಅದರ ಒಳತುದಿ ತೋಳುಗಳ ಒಳತುದಿಗಳ ಸಾಲಿನಲ್ಲೇ ಇರಬೇಕು.

ತಪ್ಪಿದರೆ ಎಷ್ಟು ಕೆಡುತ್ತದೆ? ಲೆಕ್ಕ ಹಾಕೋಣ. ಟೈ ರಾಡ್ 12 ಇಂಚು, ಸ್ಟೀರಿಂಗ್ ಆರ್ಮ್ 5 ಇಂಚು ಅಂದುಕೊಳ್ಳಿ. ರ‍್ಯಾಕ್ ಇರಬೇಕಾದ ಜಾಗಕ್ಕಿಂತ 1 ಇಂಚು ಕೆಳಗಿದೆ. ಚಕ್ರ 2 ಇಂಚು ಮೇಲೆ ಹೋದಾಗ ಟೈ ರಾಡಿನ ತುದಿ ಬೇಕಾದ್ದಕ್ಕಿಂತ ಇಂಚಿನ ಆರನೇ ಒಂದು ಭಾಗ ಹೆಚ್ಚು ಒಳಗೆ ಸರಿಯುತ್ತದೆ. 5 ಇಂಚಿನ ಆರ್ಮ್ ಮೇಲೆ ಅದು ಸುಮಾರು 2 ಡಿಗ್ರಿ ತಿರುವು. ಅಲೈನ್‌ಮೆಂಟ್ ಮಾಡುವವರು ಒದ್ದಾಡುವುದು ಕಾಲು ಡಿಗ್ರಿಗೆ! ಅದೂ ನಿಂತ ಗಾಡಿಯಲ್ಲಿ. ಕಾಗದದ ಅಂಕಿ ಸರಿ ಇದ್ದೂ ಗಾಡಿ ಜಿಗಿಯುವ ಗುಟ್ಟು ಇದೇ.

ನಾವು ಅಳೆದದ್ದು ಹೀಗೆ. ಚಾಸಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಎಡಗಡೆಯ ಸ್ಪ್ರಿಂಗು ಬಿಚ್ಚಿದೆವು. ಸ್ಟೀರಿಂಗನ್ನು ಹಗ್ಗದಿಂದ ಬಿಗಿದೆವು. ಹಬ್ಬಿಗೆ ಒಂದು ಲೇಸರ್ ಕಡ್ಡಿ ಕಟ್ಟಿ, 10 ಅಡಿ ಮುಂದೆ ಗೋಡೆಗೆ ಒಂದು ರಟ್ಟು ಅಂಟಿಸಿದೆವು. ಕೆಳಗಿನ ತೋಳಿನಡಿ ಜಾಕ್ ಇಟ್ಟು ಅರ್ಧರ್ಧ ಇಂಚು ಏರಿಸುತ್ತಾ ಹೋದೆ. ಪಕ್ಕದ ಮನೆಯವರು ಪ್ರತಿ ಸಲ ಕೆಂಪು ಚುಕ್ಕೆ ಬಿದ್ದ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿದರು. ಚುಕ್ಕೆ ಮೇಲಕ್ಕೆ ಹೋಗಬೇಕಿತ್ತು. ಅದು ಬಲಕ್ಕೆ ನಡೆಯಿತು! ಜಾಕ್ ಅರ್ಧ ಇಂಚು, ಚುಕ್ಕೆ ಒಂದು ಇಂಚು. 2 ಇಂಚು ಏರಿಸುವಷ್ಟರಲ್ಲಿ ಹತ್ತತ್ತಿರ 4 ಇಂಚು ಸರಿದಿತ್ತು. ಗ್ಯಾರೇಜಿನಲ್ಲಿ ಇಬ್ಬರೂ ಸುಮ್ನೆ ನಿಂತುಬಿಟ್ಟೆವು.

ಆ ಗುರುತುಗಳ ಸಾಲನ್ನು ನೋಡುವುದೇ ಒಂದು ಖುಷಿ. ಸಾಲು ಓರೆಯಾಗಿದ್ದು ನೇರವಾಗಿದ್ದರೆ ಎತ್ತರ ತಪ್ಪಿದೆ ಅಂತ ಅರ್ಥ. ಕುಡುಗೋಲಿನ ಹಾಗೆ ಬಾಗಿದ್ದರೆ ಟೈ ರಾಡಿನ ಉದ್ದ ತಪ್ಪಿದೆ. ರಟ್ಟಿನ ಮೇಲಿನ ಪೆನ್ಸಿಲ್ ಚುಕ್ಕೆಗಳೇ ಕಾಯಿಲೆಯ ಹೆಸರು ಹೇಳುತ್ತವೆ. ನಮ್ಮದು ನೇರ ಓರೆ. ರ‍್ಯಾಕ್ ಹಿಡಿದಿದ್ದ ಕಿವಿಗಳನ್ನು 1 ಇಂಚು ಕೆಳಗೆ ಬೆಸೆದಿದ್ದರು.

ಆ ಕಿವಿಗಳನ್ನು ಕತ್ತರಿಸುವ ಮೊದಲು ಇನ್ನೊಂದನ್ನು ನೋಡಿಕೊಂಡೆವು. ಗಾಡಿ ತಿರುಗುವಾಗ ಒಳಚಕ್ರ ಚಿಕ್ಕ ಸುತ್ತು ಹೋಗುತ್ತದೆ, ಹೊರಚಕ್ರ ದೊಡ್ಡ ಸುತ್ತು. ಹಾಗಾಗಿ ಒಳಚಕ್ರ ಹೆಚ್ಚು ತಿರುಗಬೇಕು. 1817ರಲ್ಲಿ ಮ್ಯೂನಿಕ್‌ನಲ್ಲಿ ಸಾರೋಟು ಕಟ್ಟುತ್ತಿದ್ದ ಲಾಂಕೆನ್ಸ್‌ಪೆರ್ಗರ್ ಇದಕ್ಕೆ ಉಪಾಯ ಕಂಡುಹಿಡಿದರು. ಮರುವರ್ಷ ಲಂಡನ್ನಿನಲ್ಲಿ ಪೇಟೆಂಟ್ ತೆಗೆದುಕೊಟ್ಟವರು ಅವರ ಏಜೆಂಟ್ ಆಕರ್ಮನ್, ಚಿತ್ರಗಳನ್ನು ಅಚ್ಚು ಹಾಕಿ ಮಾರುತ್ತಿದ್ದವರು. ಹೆಸರು ಉಳಿದದ್ದು ಏಜೆಂಟರದ್ದು. ಇದು ನನಗೆ ಇವತ್ತಿಗೂ ಬೇಜಾರು. ಇರಲಿ. ಸ್ಟೀರಿಂಗಿನ ಜೋಡಣೆ ಆಕ್ಸಲ್ಲಿನ ಹಿಂದಿರುವ ಗಾಡಿಯ ಆರ್ಮ್‌ಗಳನ್ನು ಎಡ ಬಲ ಅದಲು ಬದಲು ಮಾಡಿ ಮುಂದಕ್ಕೆ ಹಾಕಿದರೆ ಈ ಲೆಕ್ಕ ತಲೆಕೆಳಗಾಗಿ ತಿರುವಿನಲ್ಲಿ ಟೈರು ಉಜ್ಜುತ್ತದೆ. ನಮ್ಮದರಲ್ಲಿ ಆ ತಪ್ಪು ಇರಲಿಲ್ಲ.

ಕಿವಿಗಳನ್ನು ಕತ್ತರಿಸಿ ಮೇಲೆ ಬೆಸೆಸಿದ್ದಾಯಿತು. ಮತ್ತೆ ಅದೇ ರಟ್ಟು, ಈ ಸಲ ನೀಲಿ ಪೆನ್ಸಿಲ್. ಜಾಕ್ ಏರಿದ ಹಾಗೆ ಚುಕ್ಕೆ ಮೇಲಕ್ಕೇ ಹೋಯಿತು. ಕೊನೆಯ ಅರ್ಧ ಇಂಚಿನಲ್ಲಿ ಮಾತ್ರ ಕೂದಲೆಳೆಯಷ್ಟು ಬಲಕ್ಕೆ ಬಾಗಿತು. ಆಮೇಲೆ ಬಲಗಡೆಯ ಸ್ಪ್ರಿಂಗು ಬಿಚ್ಚಲು ಕೂತೆವು.